ಕುಡಿತ ಬಿಟ್ಟವರ ಸಭೆ: ಕಾಸರಗೋಡಿನ ಕನ್ನಡಿಗರು ಯಾವುದನ್ನು ಆರಿಸಿಕೊಳ್ಳಬೇಕು?

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರೊಬ್ಬರು ಕುಡಿತ ಬಿಡಬೇಕೆಂದು ಮನಸ್ಸು ಮಾಡಿದರೆ ಅವರ ಮುಂದೆ ಎರಡು ರಾಜ್ಯಗಳ ದಾರಿಗಳು ಇರುತ್ತವೆ. ದಕ್ಷಿಣಕ್ಕೆ ಹೋದಂತೆ ಮಲಯಾಳದಲ್ಲಿ ನಡೆಯುವ ಸಭೆಗಳು, ಕೇರಳ ಸರಕಾರದ ಚಿಕಿತ್ಸಾ ಕೇಂದ್ರ. ಉತ್ತರಕ್ಕೆ ಮಂಗಳೂರು, ಅಲ್ಲಿ ಕನ್ನಡ, ತುಳು, ಕೊಂಕಣಿ ಮಾತನಾಡುವವರು ಸೇರುವ ಸಭೆಗಳು. ಊರಿನಲ್ಲೇ ಆಗಾಗ ನಡೆಯುವ ಮದ್ಯವರ್ಜನ ಶಿಬಿರ, ಅದರಿಂದ ಹುಟ್ಟಿದ ನವಜೀವನ ಸಮಿತಿ. ಇವೆಲ್ಲದರ ಜೊತೆಗೆ ಮೊಬೈಲ್‌ನಲ್ಲಿ ಸೇರಬಹುದಾದ ಆನ್‌ಲೈನ್ ಸಭೆ.

ವರ್ಷಗಳಿಂದ ಇಂಥ ಸಭೆಗಳಲ್ಲಿ ಕುಳಿತುಕೊಂಡು ಬಂದವನು ನಾನು. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಒಂದೇ ಪ್ರಶ್ನೆ ಹಾಕುತ್ತೇನೆ. ಆಟಿ ತಿಂಗಳ ಜಡಿಮಳೆ, ಮನೆಯಲ್ಲಿ ಜಗಳವಾಗಿದೆ, ಯಾರ ಮುಖವನ್ನೂ ನೋಡಲು ಮನಸ್ಸಿಲ್ಲ. ಅಂಥ ಸಂಜೆಯೂ ನೀವು ಯಾವ ಸಭೆಗೆ ಹೋಗಿ ಕುಳಿತುಕೊಳ್ಳಬಲ್ಲಿರಿ? ಅದೇ ನಿಮ್ಮ ಸಭೆ. ಭಾಷೆ, ದೂರ, ಗುರುತು ಸಿಗುವ ಭಯ, ದೇವರ ವಿಷಯ ಎಲ್ಲವನ್ನೂ ಈ ಪ್ರಶ್ನೆ ಇಟ್ಟುಕೊಂಡೇ ತೂಗಬೇಕು.

ಮೊದಲು ವೈದ್ಯರು

ಸಭೆಯ ಆಯ್ಕೆಗಿಂತ ಮುಂಚೆ ಇತ್ಯರ್ಥವಾಗಬೇಕಾದ ವಿಷಯ ಒಂದಿದೆ. ಬೆಳಿಗ್ಗೆ ಎದ್ದೊಡನೆ ಕೈ ನಡುಗುತ್ತದೆ, ಆ ನಡುಕ ನಿಲ್ಲಲು ಒಂದು ಗುಟುಕು ಬೇಕೇ ಬೇಕು ಎಂಬ ಹಂತ ಮುಟ್ಟಿದವರು ಹಠ ಹಿಡಿದು ಮನೆಯಲ್ಲೇ ಏಕಾಏಕಿ ನಿಲ್ಲಿಸಬಾರದು. ಬಹುಕಾಲ ವಿಪರೀತ ಕುಡಿದವರಿಗೆ ಕೊನೆಯ ಗುಟುಕಿನ ನಂತರದ 6ರಿಂದ 48 ಗಂಟೆಗಳ ಒಳಗೆ ಅಪಸ್ಮಾರದಂತೆ ಸೆಳೆತ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಇಲ್ಲದ ಸದ್ದು ಕೇಳುವುದು, ಜ್ವರ, ಬೆವರು, ದಿಕ್ಕು ತಪ್ಪಿದಂತಹ ವರ್ತನೆ ಶುರುವಾಗಬಹುದು. ಇದನ್ನು ಹೆಚ್ಚಿನವರು ಮನೋದೌರ್ಬಲ್ಯವೆಂದೋ ಗಾಳಿ ಸೋಂಕಿದ್ದೆಂದೋ ತಿಳಿಯುತ್ತಾರೆ. ಇದು ಪ್ರಾಣಾಪಾಯದ ಸ್ಥಿತಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಿಂದೆ ಒಮ್ಮೆಯಾದರೂ ಸೆಳೆತ ಬಂದವರು ವೈದ್ಯರ ನಿಗಾ ಇಲ್ಲದೆ ನಿಲ್ಲಿಸಲು ಹೋಗಲೇಬಾರದು.

ಕೇರಳದ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆ 2016ರಲ್ಲಿ ಆರಂಭವಾಯಿತು. ಕಾಸರಗೋಡು ಜಿಲ್ಲೆಗೆ ಅದರ ಚಿಕಿತ್ಸಾ ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಪೈವಳಿಕೆಯವರಿಗೂ ಪೆರ್ಲದವರಿಗೂ ಅದು ದೂರವೇ ಸರಿ. ಆದರೆ ವಾರಗಟ್ಟಲೆ ಹೋಗಿ ಬರುವ ಜಾಗವಲ್ಲ ಅದು. ದೇಹದಿಂದ ಮದ್ಯ ಇಳಿಯುವ ಆ ಕೆಲವು ದಿನಗಳನ್ನು ಸುರಕ್ಷಿತವಾಗಿ ದಾಟಿಸಲು ಇರುವಂಥದ್ದು. ವಿಮುಕ್ತಿಯ ಉಚಿತ ದೂರವಾಣಿ 14405. ಇನ್ನೂ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ: ವ್ಯಸನಮುಕ್ತಿಗೆ ಕೇಂದ್ರ ಸರಕಾರದ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಟೆಲಿ ಮಾನಸ್ ಹಗಲು ರಾತ್ರಿ ಸಿಗುತ್ತದೆ, ಕನ್ನಡವನ್ನು ಆರಿಸಿಕೊಂಡು ಮಾತನಾಡಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ತಿಂಗಳುಗಳೇ ಕಷ್ಟದವು. ಸಭೆಯ ಕೆಲಸ ಶುರುವಾಗುವುದು ಅಲ್ಲಿಂದ.

ಎ.ಎ.: ಮಂಗಳೂರಿಗೆ ಹೋಗುವುದೇ, ಕಾಸರಗೋಡಿನ ಕಡೆಗೇ?

ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಹೇಳುವಂತೆ ಎ.ಎ., 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಹುಟ್ಟಿತು. ಷೇರುಪೇಟೆಯಲ್ಲಿದ್ದ ಬಿಲ್ ವಿಲ್ಸನ್, ಶಸ್ತ್ರಚಿಕಿತ್ಸಕರಾಗಿದ್ದ ಡಾ. ಬಾಬ್ ಸ್ಮಿತ್, ಇಬ್ಬರೂ ಕುಡಿತದಿಂದ ನೆಲಕಚ್ಚಿದವರು, ಒಬ್ಬರಿಗೊಬ್ಬರು ಮಾತನಾಡಿಕೊಂಡೇ ಕುಡಿಯದೆ ಉಳಿದರು. ಇವತ್ತಿಗೂ ಎ.ಎ. ಮಾಡುವುದು ಅಷ್ಟನ್ನೇ. ಅಲ್ಲಿ ವೈದ್ಯರಿಲ್ಲ, ಶುಲ್ಕವಿಲ್ಲ, ಅರ್ಜಿ ಇಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದಿದ್ದರೆ ಸದಸ್ಯರಾದಂತೆ.

ಒಳಗೆ ಏನು ನಡೆಯುತ್ತದೆ ಎಂಬುದರ ಭಯವೇ ಹೆಚ್ಚಿನವರನ್ನು ಹೊರಗೆ ನಿಲ್ಲಿಸುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶಾಲೆಯದೋ ಚರ್ಚಿನದೋ ಒಂದು ಕೋಣೆ. ವೃತ್ತಾಕಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಒಂದು ನಿಮಿಷ ಮೌನ, ಚಿಕ್ಕದೊಂದು ಪ್ರಾರ್ಥನೆ, ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳ ಓದು. ಆಮೇಲೆ ಒಬ್ಬೊಬ್ಬರಾಗಿ ಮಾತನಾಡುತ್ತಾರೆ. ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಸೇರಿಸಿ ಶುರುಮಾಡುತ್ತಾರೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಮುಗಿದ ಮೇಲೆ ಬುದ್ಧಿವಾದವನ್ನೂ ಹೇಳುವುದಿಲ್ಲ. ಹೊಸಬರು ಮಾತನಾಡಲೇಬೇಕೆಂದಿಲ್ಲ, ‘ಇವತ್ತು ಕೇಳುತ್ತೇನೆ’ ಎಂದರೆ ಸಾಕು. ನಡುವೆ ಒಂದು ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಸಾಗುತ್ತದೆ. ಸದಸ್ಯರು ಹಾಕುವ ಆ ಚಿಲ್ಲರೆಯಲ್ಲೇ ಕೋಣೆಯ ಬಾಡಿಗೆ, ಚಹಾ, ಪುಸ್ತಕ ಎಲ್ಲವೂ ನಡೆಯಬೇಕು, ಹೊರಗಿನವರ ದೇಣಿಗೆ ತೆಗೆದುಕೊಳ್ಳಬಾರದೆಂದು ಎ.ಎ.ಯ ಏಳನೆಯ ಸಂಪ್ರದಾಯವೇ ಹೇಳುತ್ತದೆ. ಮೊದಲ ದಿನ ಬಂದವರು ಡಬ್ಬಿಯನ್ನು ಸುಮ್ಮನೆ ಮುಂದಕ್ಕೆ ದಾಟಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಂದು, ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ.

ನಮ್ಮವರ ನಿಜವಾದ ಗೊಂದಲ ಭಾಷೆಯದು. ಕಾಸರಗೋಡಿನ ಕನ್ನಡಿಗರಿಗೆ ಮಲಯಾಳ ಬಾರದೆಂದಿಲ್ಲ. ಬಸ್ಸಿನಲ್ಲಿ, ಪಂಚಾಯತ್ ಕಚೇರಿಯಲ್ಲಿ, ರೇಷನ್ ಅಂಗಡಿಯಲ್ಲಿ ದಿನವೂ ಆಡುವ ಭಾಷೆ ಅದು. ಆದರೆ ಹೆಂಡತಿಯ ಕರಿಮಣಿಯನ್ನು ಅಡವಿಟ್ಟದ್ದನ್ನು, ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ತೂರಾಡುತ್ತ ಹೋದದ್ದನ್ನು ಹೇಳಿಕೊಳ್ಳಲು ಆ ಮಲಯಾಳ ಸಾಲುವುದಿಲ್ಲ. ನಾಚಿಕೆಯ ಸಂಗತಿಗಳು ಮನೆಮಾತಿನಲ್ಲೇ ಹೊರಗೆ ಬರುತ್ತವೆ, ಅದು ಕನ್ನಡವಾಗಿರಲಿ ತುಳುವಾಗಿರಲಿ. ಹಾಗಾಗಿ ಮಾತನಾಡಿ ಹಗುರವಾಗಬೇಕಾದ ಆರಂಭದ ತಿಂಗಳುಗಳಲ್ಲಿ ಮಂಗಳೂರಿನ ಕನ್ನಡ ಸಭೆಗೆ ಹೋಗುವುದು ಸಾರ್ಥಕ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ನಡುವೆ ತುಳುವಿಗೆ ತಿರುಗಿದರೂ ಯಾರಿಗೂ ವ್ಯತ್ಯಾಸವಾಗುವುದಿಲ್ಲ. ಊರಿನವರ ಕಣ್ಣಿಗೆ ಬೀಳುವ ಭಯವೂ ಅಲ್ಲಿ ಕಡಿಮೆ.

ದೂರದ ಲೆಕ್ಕ ಬೇರೆ. ಕಾಸರಗೋಡಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್. ಮಂಜೇಶ್ವರ, ಉಪ್ಪಳದವರಿಗೆ ಇದು ದೊಡ್ಡ ವಿಷಯವಲ್ಲ. ಬಂದಡ್ಕ, ಅಡೂರು, ದೇಲಂಪಾಡಿ ಕಡೆಯವರಿಗೆ ಸಂಜೆಯ ಸಭೆ ಮುಗಿಸಿ ರಾತ್ರಿ ಮನೆ ಸೇರುವುದು ಆಗದ ಮಾತು. ಅಂಥವರು ಭಾನುವಾರ ಬೆಳಿಗ್ಗೆಯ ಸಭೆ ಎಲ್ಲಿದೆ ಎಂದು ಹುಡುಕಬೇಕು, ಅದೂ ಇಲ್ಲವೆಂದರೆ ಹತ್ತಿರದ ಮಲಯಾಳ ಸಭೆಯನ್ನೇ ಹಿಡಿಯಬೇಕು. ಮಾತನಾಡಲು ಕಷ್ಟವಾದರೂ ಕೇಳಲು ಕಷ್ಟವಿಲ್ಲ. ಸಭೆಯ ಫಲದಲ್ಲಿ ದೊಡ್ಡ ಪಾಲು ಕೇಳುವುದರಿಂದಲೇ ಬರುತ್ತದೆ. ಕನ್ನಡದಲ್ಲಿ ಹೇಳುತ್ತೇನೆ ಎಂದು ಕೇಳಿಕೊಂಡರೆ ಗಡಿನಾಡಿನ ಯಾವ ಸಭೆಯೂ ಬೇಡವೆನ್ನಲಾರದು. ಕುಳಿತವರಲ್ಲಿ ಅರ್ಥವಾಗುವವರು ಇದ್ದೇ ಇರುತ್ತಾರೆ.

ಮಂಗಳೂರಿಗೆ ಹೋಗುವವರಿಗೆ ಒಂದು ಮಾತು. ಸಾಧ್ಯವಾದರೆ ರೈಲಿನಲ್ಲಿ ಹೋಗಿ. ಬಸ್ಸು ಗಡಿಯ ತಲಪಾಡಿ ದಾಟುತ್ತದೆ. ಕೇರಳದಲ್ಲಿ ತಿಂಗಳ ಮೊದಲ ತಾರೀಕಿನಂದು ಮದ್ಯದಂಗಡಿ ಮುಚ್ಚಿರುತ್ತದೆ, ಗಡಿಯಾಚೆ ತೆರೆದಿರುತ್ತದೆ. ಕುಡಿದು ಅಭ್ಯಾಸವಾದವರ ಕಾಲಿಗೆ ಆ ನಿಲ್ದಾಣ ಚೆನ್ನಾಗಿ ಗೊತ್ತು. ಸಭೆಗೆಂದು ಹೊರಟ ಒಬ್ಬ ಗೆಳೆಯ, ಅಡಿಕೆ ಸುಲಿಯುವ ಕೆಲಸದವನು, ತಲಪಾಡಿಯಲ್ಲಿ ಬಸ್ಸು ನಿಂತ ಹೊತ್ತಿನಲ್ಲಿ ಎರಡೂ ಕೈಗಳಿಂದ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದ. ಬಸ್ಸು ಮುಂದೆ ಬೀರಿ ಎಂಬಲ್ಲಿಗೆ ಮುಟ್ಟಿದ ಮೇಲೆಯೇ ಅವನ ಬೆರಳುಗಳು ಸಡಿಲವಾಗುತ್ತಿದ್ದವು. ಕುಂಬಳೆಯಿಂದ ರೈಲು ಹತ್ತಿದ ಮೇಲೆ ಆ ಸಂಕಟ ತಪ್ಪಿತು.

ದೇವರ ವಿಷಯವನ್ನು ಕೇಳುವವರೂ ಇದ್ದಾರೆ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಹೆಸರು ಬರುತ್ತದೆ, ಆದರೆ ‘ನಾವು ಅರಿತಂತಹ ದೇವರು’ ಎಂಬ ಅರ್ಥದಲ್ಲಿ. ಸಭೆ ಚರ್ಚಿನ ಕೋಣೆಯಲ್ಲಿ ನಡೆದ ಮಾತ್ರಕ್ಕೆ ಅದು ಚರ್ಚಿನ ಕಾರ್ಯಕ್ರಮವಲ್ಲ, ಎ.ಎ. ಯಾವ ಮತಕ್ಕೂ ಆಸ್ಪತ್ರೆಗೂ ಪಕ್ಷಕ್ಕೂ ಸೇರಿದ್ದಲ್ಲ. ಕುಡಿತವನ್ನು ಮನೆಯವರಿಂದಲೂ ಜಮಾತಿನಿಂದಲೂ ಮುಚ್ಚಿಡಬೇಕಾದ ಮುಸ್ಲಿಂ ಸಹೋದರರಿಗೆ ಎ.ಎ.ಯಲ್ಲಿ ಹೆಸರು ಗುಟ್ಟಾಗಿ ಉಳಿಯುತ್ತದೆಂಬ ಭರವಸೆ ಬಹಳ ದೊಡ್ಡದು. ಅವರೊಳಗೆ ವ್ಯಸನಿಗಳೇ ಇಲ್ಲವೆಂದು ನಂಬುವ ಊರಿನಲ್ಲಿ ಅವರ ಒಂಟಿತನ ಇನ್ನೂ ಆಳವಾಗಿರುತ್ತದೆ.

ಇದರಿಂದ ಪ್ರಯೋಜನವಿದೆಯೇ ಎಂದು ಅಳೆದು ನೋಡಿದ ಅಧ್ಯಯನಗಳಿವೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ, 2020ರಲ್ಲಿ ಪ್ರಕಟವಾದ ಪರಿಶೀಲನೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗೆ ನೋಡಿತು. ಆಪ್ತಸಮಾಲೋಚಕರು ಕ್ರಮಬದ್ಧವಾಗಿ ಎ.ಎ.ಗೆ ಜೋಡಿಸಿದವರಲ್ಲಿ, ವರ್ಷದ ಕೊನೆಗೆ ಪೂರ್ತಿ ಕುಡಿಯದೆ ಉಳಿದವರು ಬೇರೆ ಮನಶ್ಶಾಸ್ತ್ರೀಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು: 100ರಲ್ಲಿ ಸುಮಾರು 42 ಮಂದಿ, ಇತರರಲ್ಲಿ 35. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ‘ಜೋಡಿಸಿದವರು’ ಎಂಬ ಅಂಶ. ಸಭೆಯ ವಿಳಾಸದ ಚೀಟಿ ಕೈಗಿತ್ತು ಕಳುಹಿಸಿದರೆ ಸಾಲದು, ಯಾರಾದರೂ ಜೊತೆಗೆ ಹೋಗಿ ಕೂರಿಸಿ ಬರಬೇಕು.

ಶಿಬಿರ ಮತ್ತು ನವಜೀವನ ಸಮಿತಿ

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಗಳು ನಡೆಸುವ ಮದ್ಯವರ್ಜನ ಶಿಬಿರ ನಮ್ಮ ಗಡಿನಾಡಿಗೂ ಬರುತ್ತದೆ. ದೇವಸ್ಥಾನದ ಸಭಾಭವನದಲ್ಲೋ ಶಾಲೆಯಲ್ಲೋ ಎಂಟು ದಿನ ಉಳಿದುಕೊಳ್ಳುವುದು, ವೈದ್ಯಕೀಯ ತಪಾಸಣೆ, ಯೋಗ, ಭಜನೆ, ಗುಂಪು ಚರ್ಚೆ, ಒಂದು ದಿನ ಮನೆಯವರೂ ಬಂದು ಕೂರುವುದು. ಮುಗಿದ ಮೇಲೆ ಶಿಬಿರಾರ್ಥಿಗಳದ್ದೇ ನವಜೀವನ ಸಮಿತಿ ರಚನೆಯಾಗುತ್ತದೆ. ನೂರು ದಿನ ದಾಟಿದವರಿಗೆ ಶತದಿನೋತ್ಸವ. ಎಲ್ಲವೂ ಕನ್ನಡದಲ್ಲಿ, ತುಳುವಿನಲ್ಲಿ, ಮನೆಯಿಂದ ಕೂಗಳತೆಯ ದೂರದಲ್ಲಿ.

ಎ.ಎ.ಗೂ ಇದಕ್ಕೂ ಇರುವ ಮೂಲ ವ್ಯತ್ಯಾಸವನ್ನು ಜನ ಗಮನಿಸುವುದಿಲ್ಲ. ಅಲ್ಲಿ ಹೆಸರು ಮುಚ್ಚಿಡುತ್ತಾರೆ, ಇಲ್ಲಿ ವೇದಿಕೆಯ ಮೇಲೆ ಊರಿನವರ ಮುಂದೆ ಕುಡಿಯುವುದಿಲ್ಲವೆಂದು ನಿಲ್ಲುತ್ತೀರಿ. ಸಮಾರೋಪದ ಫೋಟೋ ಪತ್ರಿಕೆಯಲ್ಲೂ ಬರಬಹುದು. ಕೆಲವರಿಗೆ ಇದೇ ಬಲ. ಊರಿಗೆ ಊರೇ ಸಾಕ್ಷಿಯಾದ ಮೇಲೆ ಹಳೆಯ ಜೊತೆಗಾರರು ಗಡಂಗಿಗೆ ಕರೆಯಲು ಹಿಂಜರಿಯುತ್ತಾರೆ. ಮದರಂಗಿಯ ರಾತ್ರಿ ಮನೆಯ ಹಿಂದೆ ಬಾಟಲಿ ತೆರೆಯುವವರು ‘ಇವರಿಗೆ ಬೇಡ, ಶಿಬಿರಕ್ಕೆ ಹೋಗಿ ಬಂದವರು’ ಎಂದು ತಾವೇ ಹೇಳುತ್ತಾರೆ. ಮದುವೆಯ ಹಿಂದಿನ ದಿನದ ಮದರಂಗಿ ನಮ್ಮಲ್ಲಿ ಈಗ ಎಷ್ಟು ಕುಡಿತದ ರಾತ್ರಿಯಾಗಿದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಈ ರಕ್ಷಣೆ ಸಣ್ಣದಲ್ಲ.

ಆದರೆ ಜಾರಿದರೆ ಅದೇ ಸಾಕ್ಷಿಗಳು ಹೊರೆಯಾಗುತ್ತಾರೆ. ‘ವೇದಿಕೆಯಲ್ಲಿ ಮಾತನಾಡಿದ್ದೇನು, ಈಗ ಮಾಡಿದ್ದೇನು’ ಎಂಬ ಮಾತು ಬಂದೇ ಬರುತ್ತದೆ, ಮತ್ತು ಅದಕ್ಕೆ ಹೆದರಿದವರು ಸಮಿತಿಯ ಸಭೆಗೆ ಮರಳುವುದಿಲ್ಲ. ಬಿಟ್ಟ ಮೊದಲ ವರ್ಷದಲ್ಲಿ ಮರಳಿ ಕುಡಿಯುವುದು ಈ ರೋಗದಲ್ಲಿ ತೀರಾ ಸಾಮಾನ್ಯ. ಆ ಹೊತ್ತಿನಲ್ಲಿ ಮನೆಬಾಗಿಲಿಗೆ ಬಂದು ಕರೆದೊಯ್ಯುವವರು ಸಮಿತಿಯಲ್ಲಿ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಕೆಲವು ಊರುಗಳ ಸಮಿತಿಗಳು ಈ ಕೆಲಸವನ್ನು ಮನಸ್ಸಿಟ್ಟು ಮಾಡುತ್ತವೆ, ಕೆಲವು ಶತದಿನೋತ್ಸವದ ನಂತರ ತಣ್ಣಗಾಗುತ್ತವೆ. ಭಜನೆ, ಪೂಜೆಗಳು ಒಗ್ಗದವರಿಗೆ, ಅನ್ಯಮತದವರಿಗೆ, ಮೊದಲೇ ಒಮ್ಮೆ ವಾತಾವರಣ ನೋಡಿ ನಿರ್ಧರಿಸಲು ಹೇಳುತ್ತೇನೆ. ಎಂಟು ದಿನಕ್ಕಿಂತ ಹೆಚ್ಚಿನ ಆರೈಕೆ ಬೇಕಾದವರಿಗೆ ಉಜಿರೆ ಸಮೀಪದ ಲಾಯಿಲದಲ್ಲಿ ವ್ಯಸನಮುಕ್ತಿ ಕೇಂದ್ರವಿದೆ.

ಎರಡನ್ನೂ ಹಿಡಿದವರನ್ನು ನಾನು ಕಂಡಿದ್ದೇನೆ. ಶಿಬಿರದಲ್ಲಿ ನಿಲ್ಲಿಸಿ, ಎ.ಎ.ಯಲ್ಲಿ ಮುಂದುವರಿಯುವುದು. ಒಂದಕ್ಕೆ ಹೋದವರು ಇನ್ನೊಂದಕ್ಕೆ ಹೋಗಬಾರದೆಂಬ ಕಟ್ಟಳೆ ಎಲ್ಲೂ ಇಲ್ಲ.

ಆನ್‌ಲೈನ್ ಸಭೆ

ಕೋವಿಡ್ ಕಾಲದಲ್ಲಿ ಗಡಿ ಮುಚ್ಚಿದಾಗ ನಮ್ಮವರಲ್ಲಿ ಅನೇಕರು ಉಳಿದುಕೊಂಡದ್ದು ಇದರಿಂದ. ಕನ್ನಡದಲ್ಲೂ ನಡೆಯುತ್ತದೆ, ಕ್ಯಾಮೆರಾ ಆರಿಸಿ ಕುಳಿತುಕೊಳ್ಳಬಹುದು, ಹೆಸರನ್ನು ಬದಲಿಸಬಹುದು. ಗಲ್ಫ್‌ನಲ್ಲಿ ದುಡಿಯುವವರಿಗೆ, ತೋಟದ ನಡುವೆ ಒಂಟಿ ಮನೆಯಲ್ಲಿರುವವರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಕುಡಿತದ ತೊಂದರೆಯಿರುವ ಹೆಂಗಸರಿಗೆ ಇದು ದೊಡ್ಡ ಅನುಕೂಲ. ಗಂಡಸರೇ ತುಂಬಿದ ಕೋಣೆಗೆ ಸಂಜೆ ಒಬ್ಬಳೇ ಹೋಗಿ ಕೂರು ಎಂದು ನಮ್ಮ ಊರಿನಲ್ಲಿ ಯಾವ ಹೆಂಗಸಿಗೂ ಸುಲಭವಾಗಿ ಹೇಳಲಾಗದು. ಹೆಂಗಸರಿಗಷ್ಟೇ ಮೀಸಲಾದ ಆನ್‌ಲೈನ್ ಸಭೆಗಳಿವೆ, ಅವುಗಳನ್ನು ಕೇಳಿ ಪಡೆಯಿರಿ. ದೇವರ ಮಾತೇ ಬೇಡವೆನ್ನುವ, ಇಂಗ್ಲಿಷ್ ಬಲ್ಲವರಿಗೆ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಕೂಟವಿದೆ. ಅದು ಆಲೋಚನೆ, ಅಭ್ಯಾಸಗಳನ್ನು ತಿದ್ದಿಕೊಳ್ಳುವ ವಿಧಾನಗಳನ್ನು ಕಲಿಸುತ್ತದೆ.

ಆನ್‌ಲೈನ್ ಒಂದನ್ನೇ ನೆಚ್ಚಿಕೊಂಡಿರುವುದು ಮಾತ್ರ ನನಗೆ ಸರಿಕಾಣುವುದಿಲ್ಲ. ಕುಡಿದೇ ಕುಳಿತರೂ ಪರದೆಯ ಆಚೆಗೆ ವಾಸನೆ ಹೋಗುವುದಿಲ್ಲ. ಸಭೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಚಹಾ ಕುಡಿಯುವಾಗ ನಡೆಯುವ ಆ ಹತ್ತು ನಿಮಿಷದ ಮಾತುಕತೆಯೂ ಅಲ್ಲಿಲ್ಲ. ಫೋನ್ ನಂಬರು ಸಿಗುವುದು, ಸ್ಪಾನ್ಸರ್ ಎಂದು ಕರೆಯುವ ಹಿರಿಯ ಸದಸ್ಯರೊಬ್ಬರ ಪರಿಚಯವಾಗುವುದು, ‘ನಾಳೆ ಬದಿಯಡ್ಕಕ್ಕೆ ಬರುತ್ತೇನೆ, ಸಿಗುತ್ತೀರಾ’ ಎಂಬ ಮಾತು ಹುಟ್ಟುವುದು ಆ ಅಂಗಳದಲ್ಲೇ. ವಾರಕ್ಕೊಂದು ಎದುರುಬದುರು ಸಭೆ, ನಡುವಿನ ಕೆಟ್ಟ ರಾತ್ರಿಗಳಿಗೆ ಆನ್‌ಲೈನ್: ಒಳನಾಡಿನವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚಿಲ್ಲ.

ಮನೆಯವರಿಗೆ

ಕುಡಿಯುವವರ ಮನೆಯವರಿಗೆಂದೇ ಆಲನಾನ್ ಎಂಬ ಪ್ರತ್ಯೇಕ ಕೂಟವಿದೆ, 1951ರಿಂದ ನಡೆದುಬಂದದ್ದು. ಗಂಡನೋ ಮಗನೋ ಇನ್ನೂ ಕುಡಿಯುತ್ತಿದ್ದರೂ ನೀವು ಹೋಗಬಹುದು. ಅವರು ಬಿಡುವವರೆಗೆ ಕಾಯಬೇಕಾಗಿಲ್ಲ. ಎ.ಎ.ಯ ತೆರೆದ ಸಭೆಗಳಿಗೂ ಮನೆಯವರು ಬರಬಹುದು. ಮುಚ್ಚಿದ ಸಭೆ ಮಾತ್ರ ಕುಡಿತದ ತೊಂದರೆ ಇರುವವರಿಗಷ್ಟೇ.

ಎರಡು ಕೆಲಸಗಳನ್ನು ದಯವಿಟ್ಟು ಮಾಡಬೇಡಿ. ‘ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎನ್ನುವ ಜಾಹೀರಾತು ನೋಡಿ ಸಾರಿಗೆ, ಚಹಾಕ್ಕೆ ಪುಡಿ ಬೆರೆಸಬೇಡಿ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧವಿದೆ. ಅದನ್ನು ತೆಗೆದುಕೊಂಡವರು ಮದ್ಯ ಸೇವಿಸಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದಲೇ ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರ ಸಲಹೆಯಂತೆ ಮಾತ್ರ ಕೊಡಬೇಕು. ಇನ್ನೊಂದು, ಗಾಡಿ ತಂದು ಎಳೆದುಕೊಂಡು ಹೋಗಿ ತಿಂಗಳುಗಟ್ಟಲೆ ಕೂಡಿಹಾಕುವ ಜಾಗಗಳಿಗೆ ಹಣ ಕಟ್ಟಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ, ಮಾದಕ ವಸ್ತುಗಳ ವ್ಯಸನಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಒಳಗೊಂಡಿದೆ. ಹೊಡೆತ, ಸರಪಳಿ, ಯಾರ ಜೊತೆಗೂ ಮಾತನಾಡಗೊಡದಿರುವುದು ಚಿಕಿತ್ಸೆಯಲ್ಲ, ಅಪರಾಧ.

ಹುಡುಕುವುದು, ಕರೆ ಮಾಡುವುದು

ಎ.ಎ.ಯ ಭಾರತದ ಜಾಲತಾಣದಲ್ಲಿ ಊರುವಾರು ಮಾಹಿತಿ, ಸಹಾಯವಾಣಿ ಸಿಗುತ್ತದೆ. ಕರ್ನಾಟಕವನ್ನೂ ಕೇರಳವನ್ನೂ ಎರಡನ್ನೂ ನೋಡಿ, ಏಕೆಂದರೆ ಗಡಿಯ ನಮಗೆ ಹತ್ತಿರದ್ದು ಯಾವ ಪಟ್ಟಿಯಲ್ಲಾದರೂ ಇರಬಹುದು. ಪಟ್ಟಿಯಲ್ಲಿರುವ ಜಾಗ, ಸಮಯ ಬದಲಾಗಿರುವುದುಂಟು. ಬೀಗ ಹಾಕಿದ ಬಾಗಿಲು ನೋಡಿ ಹಿಂದಿರುಗಿದವರು ಮತ್ತೆ ಹೊರಡುವುದು ಕಷ್ಟ. ಆದ್ದರಿಂದ ಹೊರಡುವ ದಿನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಶಿಬಿರದ ವಿಷಯಕ್ಕೆ ಗ್ರಾಮಾಭಿವೃದ್ಧಿ ಯೋಜನೆಯ ನಿಮ್ಮ ವಲಯದ ಸೇವಾಪ್ರತಿನಿಧಿಯನ್ನು ಕೇಳಿದರೆ ಮುಂದಿನದು ಎಲ್ಲಿ, ಯಾವಾಗ ಎಂದು ಹೇಳುತ್ತಾರೆ.

ಮೊದಲ ಸಭೆಯೇ ಮನಸ್ಸಿಗೆ ಹಿಡಿಸಬೇಕೆಂದಿಲ್ಲ. ಒಂದರಲ್ಲಿ ಒಬ್ಬರೇ ಗಂಟೆಗಟ್ಟಲೆ ಮಾತನಾಡಬಹುದು, ಇನ್ನೊಂದರಲ್ಲಿ ಕೈಬೆರಳಿನಲ್ಲಿ ಎಣಿಸುವಷ್ಟೇ ಜನ ಇರಬಹುದು. ಬೇರೆ ಬೇರೆ ಕಡೆ ಕೆಲವು ಸಲ ಕುಳಿತು ನೋಡಿದ ಮೇಲೆ ನಿರ್ಧರಿಸಿ. ಹಣ ಕೇಳಿದರೆ, ವೈದ್ಯರು ಕೊಟ್ಟ ಮಾತ್ರೆ ಬಿಡು ಎಂದರೆ, ನಿಮ್ಮ ಕಥೆಯನ್ನು ಹೊರಗೆ ಆಡಿಕೊಂಡರೆ ಆ ಜಾಗವನ್ನು ಬಿಟ್ಟು ಇನ್ನೊಂದನ್ನು ನೋಡಿ.

ಫೋನಿನಲ್ಲಿ ಏನು ಹೇಳುವುದೆಂದು ತೋಚದವರು ಇಷ್ಟು ಹೇಳಿ: ‘ನನಗೆ ಕುಡಿತ ಬಿಡಬೇಕು, ಸಭೆಗೆ ಬರಬೇಕೆಂದಿದ್ದೇನೆ.’ ಅತ್ತ ಕಡೆ ಇರುವವರೂ ಒಂದು ದಿನ ಇದೇ ಮಾತನ್ನು ಯಾರಿಗೋ ಹೇಳಿ ಬಂದವರು, ನಿಮ್ಮನ್ನು ತಡವರಿಸಲು ಬಿಡುವುದಿಲ್ಲ. ಆಮೇಲೆ ಕೇಳಿ: ಯಾವ ಭಾಷೆಯಲ್ಲಿ ನಡೆಯುತ್ತದೆ, ತೆರೆದ ಸಭೆಯೇ ಮುಚ್ಚಿದ ಸಭೆಯೇ, ಎಷ್ಟು ಗಂಟೆಗೆ ಮುಗಿಯುತ್ತದೆ, ಕಾಸರಗೋಡಿನ ಕಡೆಯವರು ಯಾರಾದರೂ ಬರುತ್ತಾರೆಯೇ, ಮೊದಲ ದಿನ ರೈಲು ನಿಲ್ದಾಣದ ಬಳಿ ಒಬ್ಬರು ಸಿಗಬಹುದೇ. ಕೊನೆಯ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡಬೇಡಿ. ಬಂದು ನಿಲ್ಲುವವರು ಇದ್ದಾರೆ.